ಊಟಿ ಸಸ್ಯೋದ್ಯಾನವನ್ನು ಅವಸರವಿಲ್ಲದೆ ನೋಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

"ಬೊಟಾನಿಕಲ್ ಗಾರ್ಡನ್‌ಗೆ ಹೋಗಿದ್ವಿ. ಹುಲ್ಲಿತ್ತು, ಹೂವಿತ್ತು, ಜನ ಜಾಸ್ತಿ ಇದ್ರು. ಅಷ್ಟೇ." ಊಟಿಯಿಂದ ವಾಪಸ್ ಬಂದವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಹೇಗೆ ಹೋದಿರಿ ಅಂತ ವಿಚಾರಿಸಿದರೆ ಕತೆ ಹೆಚ್ಚುಕಡಿಮೆ ಒಂದೇ. ಬೆಳಗಿನ ಜಾವ ಮೈಸೂರು ಬಿಟ್ಟು, ಹನ್ನೊಂದರ ಹೊತ್ತಿಗೆ ಗೇಟ್ ಮುಂದೆ ಇಳಿದು, ಕೆಳಗಿನ ಹುಲ್ಲುಹಾಸಿನಲ್ಲಿ ಫೋಟೊ ತೆಗೆದುಕೊಂಡು, ಗಾಜಿನ ಮನೆಯೊಳಗೆ ಸಾಲಿನಲ್ಲಿ ಸಾಗಿ, ಮುಕ್ಕಾಲು ಗಂಟೆಯಲ್ಲಿ ಹೊರಗೆ. ಆಮೇಲೆ ಬೋಟ್ ಹೌಸ್, ದೊಡ್ಡಬೆಟ್ಟ, ಚಾಕೊಲೇಟ್ ಅಂಗಡಿ.

ಈ ತೋಟ ಇರುವುದು ಇಳಿಜಾರಿನಲ್ಲಿ. ದೊಡ್ಡಬೆಟ್ಟದ ಕೆಳಗಿನ ಮೈಯಲ್ಲಿ ಅಂತಸ್ತು ಅಂತಸ್ತಾಗಿ ಮೇಲೇರುವ ಸುಮಾರು 55 ಎಕರೆ ಜಾಗ. ಗೇಟ್ ಹತ್ತಿರ ಕಾಣುವುದು ಅದರ ಅಂಗಳ ಮಾತ್ರ. ಹಳೆಯ ಮರ, ಹಕ್ಕಿ, ನೆರಳು, ನಿಶ್ಶಬ್ದ ಎಲ್ಲ ಮೇಲಕ್ಕಿವೆ. ಹಾಗಾಗಿ ಹಿಂದಿನ ರಾತ್ರಿಯೇ ಊಟಿ ಸೇರಿಕೊಳ್ಳಿ, ಬೆಳಿಗ್ಗೆ ಗೇಟ್ ತೆಗೆದ ಕೂಡಲೇ ಒಳಗೆ ಹೋಗಿ ಮೇಲಕ್ಕೆ ನಡೆಯಿರಿ. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವ ದಾರಿ ಅಷ್ಟೇ.

## ಮೊದಲು ಒಂದು ಗೊಂದಲ ಬಗೆಹರಿಸೋಣ

ಊಟಿಯಲ್ಲಿ ಜನ "ಗಾರ್ಡನ್" ಅನ್ನುವ ಜಾಗ ಮೂರಿವೆ. ಇಲ್ಲಿ ಹೇಳುತ್ತಿರುವುದು 1848ರಲ್ಲಿ ವಿಲಿಯಂ ಮೆಕೈವರ್ ಶುರು ಮಾಡಿದ ಸರ್ಕಾರಿ ಸಸ್ಯೋದ್ಯಾನದ ಬಗ್ಗೆ. ಸರ್ಕಾರಿ ಗುಲಾಬಿ ತೋಟ ಬೇರೆ. ಫರ್ನ್‌ಹಿಲ್‌ನಲ್ಲಿರುವ, ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯ 38 ಎಕರೆಯ ತೋಟವೂ ಬೇರೆ. ಮೂರಕ್ಕೂ ಟಿಕೆಟ್ ಬೇರೆ, ದಾರಿ ಬೇರೆ. ಆಟೊ ಹತ್ತುವಾಗ ಬರೀ "ಗಾರ್ಡನ್" ಅನ್ನಬೇಡಿ, "ಬೊಟಾನಿಕಲ್ ಗಾರ್ಡನ್" ಅಂತ ಪೂರ್ತಿ ಹೇಳಿ. ಮೂರನ್ನೂ ಒಂದೇ ದಿನ ಮುಗಿಸುವ ಆಸೆ ಇದ್ದರೆ ಈ ಮಾರ್ಗದರ್ಶಿ ನಿಮಗಲ್ಲ.

## ಹಂತ 1: ತಿಂಗಳು ಆರಿಸಿಕೊಳ್ಳಿ

ಏಪ್ರಿಲ್-ಮೇ ಮೊದಲ ಸೀಸನ್. ಮೇ ತಿಂಗಳಲ್ಲಿ ಫಲಪುಷ್ಪ ಪ್ರದರ್ಶನ. ಹೂವು ನೋಡಲೇಬೇಕು ಅನ್ನುವವರು ಆಗ ಹೋಗಬಹುದು. ನಿಧಾನವಾಗಿ ನೋಡುವ ಮಾತು ಮಾತ್ರ ಆಗ ಮರೆತುಬಿಡಿ. ಜನಸಂದಣಿಯಲ್ಲಿ ನಿಂತು ಒಂದು ಮರದ ತೊಗಟೆ ನೋಡುವುದಕ್ಕೂ ಆಗುವುದಿಲ್ಲ.

ಸೆಪ್ಟೆಂಬರ್-ಅಕ್ಟೋಬರ್ ಎರಡನೇ ಸೀಸನ್. ಇದಕ್ಕೂ ತೋಟದವರು ಹೊಸದಾಗಿ ಹೂಗಿಡ ಕೂರಿಸುತ್ತಾರೆ, ಜನ ಮೇ ತಿಂಗಳಿನಷ್ಟು ಇರುವುದಿಲ್ಲ. ದಸರಾ ರಜೆ ಬಿಟ್ಟು ಸೆಪ್ಟೆಂಬರ್‌ನ ಒಂದು ಮಂಗಳವಾರವೋ ಬುಧವಾರವೋ ಸಿಕ್ಕರೆ ಒಳ್ಳೆಯದು. ಅಕ್ಟೋಬರ್ ಕೊನೆಯಿಂದ ಹಿಂಗಾರು ಮಳೆ ಹಿಡಿಯುತ್ತದೆ. ನವೆಂಬರ್‌ನಲ್ಲಿ ಘಾಟ್ ರಸ್ತೆಯಲ್ಲಿ ಮಣ್ಣು ಕುಸಿಯುವುದೂ ಉಂಟು.

ನನ್ನ ಆಯ್ಕೆ ಕೇಳಿದರೆ ಜನವರಿ-ಫೆಬ್ರವರಿ. ಹೂವು ಕಡಿಮೆ, ನಿಜ. ಬೆಳಗಿನ ಚಳಿ ಸೊನ್ನೆಯ ಹತ್ತಿರ ಹೋಗಬಹುದು, ತಗ್ಗಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುತ್ತದೆ. ಆದರೆ ಆಕಾಶ ತಿಳಿಯಾಗಿರುತ್ತದೆ, ಬೆಟ್ಟದ ರೋಡೊಡೆಂಡ್ರಾನ್ ಕೆಂಪು ಹೂ ಬಿಡುವುದು ಈ ಚಳಿಗಾಲದಲ್ಲೇ, ಉತ್ತರದಿಂದ ಬಂದ ಹಕ್ಕಿಗಳೂ ಇರುತ್ತವೆ. ತೋಟದ ಜೀವಾಳ ಮರಗಳು. ಮರಗಳಿಗೆ ಸೀಸನ್ ಇಲ್ಲ.

ಜೂನ್-ಜುಲೈ ಮುಂಗಾರಿನಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ಮರವೂ ಕಾಣುವುದಿಲ್ಲ. ಅದನ್ನೇ ಇಷ್ಟಪಡುವವರೂ ಇದ್ದಾರೆ, ಅದು ಬೇರೆ ಮಾತು.

## ಹಂತ 2: ಪಾಸ್, ದಾರಿ, ಗಂಟೆ ಲೆಕ್ಕ

ಅರ್ಧಕ್ಕರ್ಧ ಯೋಜನೆಗಳು ಕೆಡುವುದು ಇಲ್ಲೇ.

ಇ-ಪಾಸ್. 2024ರ ಮೇ ತಿಂಗಳಿಂದ ಹೊರಗಿನ ವಾಹನಗಳು ನೀಲಗಿರಿ ಜಿಲ್ಲೆಗೆ ಹೋಗಲು ಇ-ಪಾಸ್ ಬೇಕು. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಗಾಡಿ ನಂಬರ್, ದಿನಾಂಕ, ಎಷ್ಟು ಜನ ಎಂದು ತುಂಬಿದರೆ ಸಿಗುತ್ತದೆ. 2025ರ ಬೇಸಿಗೆ ಸೀಸನ್‌ನಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನ ಎಂಬ ಮಿತಿಯನ್ನೂ ತಂದರು. ಕೊನೆಯ ಗಳಿಗೆಯಲ್ಲಿ ಚೆಕ್‌ಪೋಸ್ಟ್ ಮುಂದೆ ನಿಂತು, ಸಿಗ್ನಲ್ ಇಲ್ಲದ ಕಾಡಿನಲ್ಲಿ ಪಾಸ್ ತೆಗೆಯಲು ಒದ್ದಾಡಬೇಡಿ. ಮನೆಯಲ್ಲೇ ತೆಗೆದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹೊರಡಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಲೆನೋವಿಲ್ಲ.

ರಾತ್ರಿ ಸಂಚಾರ ನಿಷೇಧ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹೀಗಾಗಿ ಮೈಸೂರಿನಿಂದ ಎಷ್ಟೇ ಬೇಗ ಹೊರಟರೂ ಕಾಡು ದಾಟುವುದು 6ರ ಮೇಲೆ. ಅಲ್ಲಿಂದ ಗೂಡಲೂರು, ಘಾಟ್, ಊಟಿ ಅನ್ನುವಷ್ಟರಲ್ಲಿ ಒಂಬತ್ತೂವರೆ ಹತ್ತು. ನಡುವೆ ತಿಂಡಿಗೆ ನಿಂತರೆ ಹನ್ನೊಂದು. ಸಂಜೆ ವಾಪಸ್ ಬರುವವರು 9ರ ಒಳಗೆ ಕಾಡು ದಾಟಬೇಕು, ಅಂದರೆ ಐದಕ್ಕೆ ಮುಂಚೆ ಊಟಿ ಬಿಡಬೇಕು. ಉಳಿಯುವುದು ದಿನದ ನಡುವಿನ ಬಿಸಿಲು ಮತ್ತು ಗದ್ದಲದ ಹೊತ್ತು ಮಾತ್ರ. ಒಂದೇ ದಿನದಲ್ಲಿ ಹೋಗಿಬರುವ ಪ್ರವಾಸ ಈ ತೋಟಕ್ಕೆ ಹೊಂದದೇ ಇರುವುದು ಈ ಕಾರಣಕ್ಕೆ.

ಯಾವ ದಾರಿ? ಮಸಿನಗುಡಿ ಮೇಲಿನ ಕಲ್ಲಟ್ಟಿ ಘಾಟ್ ಹತ್ತಿರದ ದಾರಿ, ಆದರೆ ಬಲು ಕಡಿದು, 36 ತಿರುವು. ಅಲ್ಲಿ ಹೊರಗಿನ ವಾಹನಗಳಿಗೆ ನಿರ್ಬಂಧವೂ ಇದೆ. ಗೂಡಲೂರು ದಾರಿ ದೂರವಾದರೂ ಅದನ್ನೇ ಹಿಡಿಯಿರಿ.

ಉಳಿಯುವ ಕೋಣೆ ಚಾರಿಂಗ್ ಕ್ರಾಸ್ ಆಸುಪಾಸಿನಲ್ಲಿದ್ದರೆ ಬೆಳಿಗ್ಗೆ ತೋಟಕ್ಕೆ ನಡೆದೇ ಹೋಗಬಹುದು. ಗಾಡಿ ತೆಗೆಯುವುದು, ಪಾರ್ಕಿಂಗ್ ಹುಡುಕುವುದು ಎರಡೂ ತಪ್ಪುತ್ತದೆ.

## ಹಂತ 3: ಚೀಲದಲ್ಲಿ ಏನಿರಬೇಕು

ಸ್ಟೀಲ್ ನೀರಿನ ಬಾಟಲಿ ಮೊದಲು. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯೂ ಸೇರಿ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ. ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ, ಸಿಕ್ಕರೆ ದಂಡ. ಚಿಪ್ಸ್ ಪೊಟ್ಟಣ, ಕ್ಯಾರಿಬ್ಯಾಗ್ ಕೂಡ ಮನೆಯಲ್ಲೇ ಬಿಡಿ.

ಕಳಚಿ ಹಾಕಲು ಸುಲಭವಾದ ಸ್ವೆಟರ್, ಅದರ ಮೇಲೊಂದು ತೆಳು ಜಾಕೆಟ್. ಏಳು ಗಂಟೆಗೆ ಹಲ್ಲು ಕಟಕಟ ಅನ್ನುತ್ತದೆ, ಹತ್ತಕ್ಕೆ ಬೆವರು. ಟೋಪಿ ಮರೆಯಬೇಡಿ. ಗಾಳಿ ತಣ್ಣಗಿದೆ ಅಂತ ಬಿಸಿಲು ಗೊತ್ತಾಗುವುದಿಲ್ಲ, ಸಂಜೆ ಕನ್ನಡಿ ನೋಡಿದಾಗ ಮೂಗು ಕೆಂಪಾಗಿರುತ್ತದೆ. ಇದು 2,200 ಮೀಟರ್‌ಗೂ ಮೇಲಿನ ಜಾಗ.

ಚಪ್ಪಲಿ ಬೇಡ, ಹಿಡಿತ ಇರುವ ಶೂ ಬೇಕು. ಇಬ್ಬನಿ ಬಿದ್ದ ಹುಲ್ಲಿನ ಇಳಿಜಾರು, ಪಾಚಿ ಹಿಡಿದ ಕಲ್ಲು ಮೆಟ್ಟಿಲು ಎರಡೂ ಜಾರುತ್ತವೆ.

ಇವಿಷ್ಟು ಎಲ್ಲರಿಗೂ. ಇನ್ನೆರಡು ಸಾಮಾನು ನನ್ನ ಒತ್ತಾಯ. ಒಂದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಕೈಮಸೂರ, ಅಂದರೆ ಹ್ಯಾಂಡ್ ಲೆನ್ಸ್. ಶಾಲಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಇನ್ನೊಂದು, ದುರ್ಬೀನು. ಇಲ್ಲದಿದ್ದರೆ ಗೆಳೆಯರಿಂದ ಕಡ ತನ್ನಿ. ಇವೆರಡೂ ಇಲ್ಲದೆ ಹೋದರೆ ತೋಟ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತಿರವಾಗುವುದಿಲ್ಲ.

## ಹಂತ 4: ಗೇಟ್‌ನಲ್ಲಿ, ಮೊದಲ ಅರ್ಧ ಗಂಟೆ

ತೋಟ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಅಷ್ಟು ಹೊತ್ತಿಗೆ ಗೇಟ್‌ನಲ್ಲಿರಿ. ಚಿಲ್ಲರೆ ಇಟ್ಟುಕೊಳ್ಳಿ. ಕ್ಯಾಮೆರಾ ಇದ್ದರೆ ಅದರ ಶುಲ್ಕದ ಬಗ್ಗೆ ಟಿಕೆಟ್ ಕೌಂಟರ್‌ನಲ್ಲೇ ಕೇಳಿಬಿಡಿ, ಆಮೇಲೆ ವಾದ ಬೇಡ.

ಒಳಗೆ ಕಾಲಿಟ್ಟ ಕೂಡಲೇ ಕೆಳಗಿನ ದೊಡ್ಡ ಹುಲ್ಲುಹಾಸು ಎಳೆಯುತ್ತದೆ. ಅದಕ್ಕೆ ಸೋಲಬೇಡಿ. ಇದೇ ಎಲ್ಲರೂ ಮಾಡುವ ಮೊದಲ ತಪ್ಪು. ಅಲ್ಲಿ ಕೂತರೆ ಒಂದು ಗಂಟೆ ಹೋಗುತ್ತದೆ, ಏಳುವಷ್ಟರಲ್ಲಿ ಬಸ್ಸುಗಳು ಬಂದಿರುತ್ತವೆ. ಹುಲ್ಲುಹಾಸು ಮಧ್ಯಾಹ್ನಕ್ಕೂ ಅಲ್ಲೇ ಇರುತ್ತದೆ. ಬೆಳಗಿನ ಹೊತ್ತು ಮೇಲಿನ ದಾರಿಗೆ ಮೀಸಲು.

ನಿಲ್ಲದೆ ಹತ್ತಿದರೆ ಮೇಲಿನ ತುದಿ ದೂರವೇನಲ್ಲ. ಆದರೆ ನೀವು ಹತ್ತುವುದು ನಿಲ್ಲುವುದಕ್ಕೆ. ಏದುಸಿರು ಬಂದರೆ ಗಾಬರಿ ಬೇಡ, ಎತ್ತರದ ಗಾಳಿ ಸ್ವಲ್ಪ ತೆಳು. ಹೃದಯ, ಉಸಿರಾಟದ ತೊಂದರೆ ಇರುವವರು ಮಾತ್ರ ಮೇಲಿನ ಅಂತಸ್ತುಗಳಿಗೆ ಹಟ ಮಾಡಬಾರದು.

ದಾರಿಯಲ್ಲಿ ಕೊಳದ ಹತ್ತಿರ ಕಲ್ಲಾಗಿ ಹೋದ ಮರದ ಕಾಂಡ ಇದೆ, 2 ಕೋಟಿ ವರ್ಷ ಹಳೆಯದು ಎಂದು ಹೇಳುತ್ತಾರೆ. ಎಲ್ಲರೂ ಫೋಟೊ ತೆಗೆಯುತ್ತಾರೆ, ನೀವೂ ತೆಗೆದು ಮುಂದೆ ಹೋಗಿ.

## ಹಂತ 5: ಮರ ನೋಡುವ ಕ್ರಮ

ಅವಸರದಲ್ಲಿ ಬಂದವರು ಪೂರ್ತಿ ಕಳೆದುಕೊಳ್ಳುವುದು ಇದನ್ನು. ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲು ಒಂದು ವಿಷಯ ತಿಳಿದಿರಲಿ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಊಟಿ 2,200ರ ಮೇಲೆ. ಲಾಲ್‌ಬಾಗಿನಲ್ಲಿ ಒದ್ದಾಡುವ ತಂಪು ದೇಶದ ಮರಗಳು ಇಲ್ಲಿ ಆರಾಮಾಗಿ ಬೆಳೆಯುವುದು ಇದರಿಂದ. ಹಾಗಾಗಿ ನೀವು ಬಯಲುಸೀಮೆಯಲ್ಲಿ ನೋಡಲಾಗದ್ದನ್ನು ಇಲ್ಲಿ ಹುಡುಕಿ. ಮಾವು, ಹಲಸು, ಸಂಪಿಗೆ ಹುಡುಕಬೇಡಿ.

ಫಲಕ ಓದಿ. ಹಳೆಯ ಮರಗಳಿಗೆ ಹೆಸರಿನ ಫಲಕ ಹಾಕಿರುತ್ತಾರೆ. ಎರಡು ಪದದ ವೈಜ್ಞಾನಿಕ ಹೆಸರು, ಕುಟುಂಬ, ಮೂಲ ದೇಶ. ಹೆಸರು ಬಾಯಿಪಾಠ ಮಾಡಬೇಕಿಲ್ಲ. ಮೂಲ ದೇಶ ಮಾತ್ರ ನೋಡುತ್ತಾ ಹೋಗಿ: ಆಸ್ಟ್ರೇಲಿಯಾ, ಜಪಾನ್, ಕ್ಯಾಲಿಫೋರ್ನಿಯಾ, ಹಿಮಾಲಯ. ಮಕ್ಕಳಿದ್ದರೆ ಯಾರು ಹೆಚ್ಚು ದೇಶ ಹುಡುಕುತ್ತಾರೆ ಅಂತ ಪಂದ್ಯ ಕಟ್ಟಿ. ಮೊಬೈಲ್ ಕೇಳುವುದೇ ಇಲ್ಲ.

ನೀಲಗಿರಿ ಮರದಿಂದ ಶುರು ಮಾಡಿ. ಗೊತ್ತಿರುವ ಮರ ಅಂತ ದಾಟಿಬಿಡುತ್ತೀರಿ, ಬೇಡ. ನಮ್ಮ ಕಡೆ ನೆಡುತೋಪಿನಲ್ಲಿ ಕಾಣುವುದು ಹತ್ತಿಪ್ಪತ್ತು ವರ್ಷದೊಳಗೆ ಕಡಿಯುವ ಸಪೂರ ಮರ. ಇಲ್ಲಿಯದು ತಬ್ಬಲು ಮೂರ್ನಾಲ್ಕು ಜನ ಬೇಕಾದ ಗಾತ್ರದವು. ಬುಡದಲ್ಲಿ ಚಿಗುರಿದ ಎಳೆಯ ರೆಂಬೆ ಹುಡುಕಿ. ಅದರ ಎಲೆ ಅಗಲ, ಎದುರು ಬದುರು ಜೋಡಿ, ಬೂದಿ ಬಳಿದ ಹಾಗೆ ಬೆಳ್ಳಗೆ. ಬೆರಳಿನಿಂದ ಒರೆಸಿದರೆ ಆ ಬಿಳಿ ಹೋಗಿ ಹಸಿರು ಕಾಣುತ್ತದೆ. ಈಗ ತಲೆ ಎತ್ತಿ ಮೇಲಿನ ಎಲೆ ನೋಡಿ: ಕುಡುಗೋಲಿನ ಹಾಗೆ ಉದ್ದಕ್ಕೆ ಬಾಗಿ ಜೋತಾಡುತ್ತಿರುತ್ತವೆ. ಒಂದೇ ಮರದ್ದು ಅಂದರೆ ನಂಬುವುದು ಕಷ್ಟ. ನೆಲದಲ್ಲಿ ಅಂಗಿಯ ಗುಂಡಿಯಂಥ ಗಟ್ಟಿ ಕಾಯಿ ಬಿದ್ದಿರುತ್ತವೆ, ಪಕ್ಕೆಗಳಲ್ಲಿ ನಾಲ್ಕು ಏಣು. ಒಂದನ್ನು ಎತ್ತಿ ಮೂಸಿ ನೋಡಿ, ಮೂಗು ಕಟ್ಟಿದ್ದರೆ ಬಿಡುತ್ತದೆ.

ಪೈನ್ ಯಾವುದು, ಸೈಪ್ರಸ್ ಯಾವುದು? ಊಟಿಗೆ ಹೋದವರೆಲ್ಲ ಎಲ್ಲವನ್ನೂ "ಕ್ರಿಸ್‌ಮಸ್ ಟ್ರೀ" ಅನ್ನುತ್ತಾರೆ. ಬಿದ್ದ ಒಂದು ಕಡ್ಡಿ ಎತ್ತಿಕೊಂಡು ನೋಡಿ. ಸೂಜಿಯಂಥ ಎಲೆಗಳು ಎರಡು, ಮೂರು ಅಥವಾ ಐದು ಒಟ್ಟಿಗೆ ಒಂದೇ ಬುಡದಿಂದ ಕಟ್ಟಾಗಿ ಹೊರಟಿದ್ದರೆ ಪೈನ್. ಎಲೆಯೇ ಇಲ್ಲ, ಕಡ್ಡಿಗೇ ಹಸಿರು ಹುರುಪೆ ಅಂಟಿಸಿದ ಹಾಗಿದೆ ಅನ್ನಿಸಿದರೆ ಸೈಪ್ರಸ್. ಕಡ್ಡಿಯ ಸುತ್ತಲೂ ಒಳಕ್ಕೆ ಬಾಗಿದ ಮೊಂಡು ಮುಳ್ಳಿನಂಥ ಎಲೆ ಇದ್ದರೆ ಜಪಾನಿನ ಕ್ರಿಪ್ಟೊಮೇರಿಯಾ ಆಗಿರಬಹುದು. ಐದು ನಿಮಿಷದ ಕೆಲಸ. ಕಲಿತ ಮೇಲೆ ಇಡೀ ಊಟಿ ಬೇರೆಯಾಗಿ ಕಾಣುತ್ತದೆ.

ಪೇಪರ್ ಬಾರ್ಕ್. ಇದರ ತೊಗಟೆ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಹೋಗಿ ಮತ್ತೆ ಉಬ್ಬುತ್ತದೆ. ಒತ್ತಿ, ಕೀಳಬೇಡಿ. ಕೈಗೆ ಎಟುಕುವ ಎತ್ತರದಲ್ಲಿ ತೊಗಟೆ ಗಾಯವಾಗಿರುವುದಕ್ಕೆ ನಮ್ಮಂಥ ಪ್ರವಾಸಿಗರೇ ಕಾರಣ. ಹೆಸರು ಕೆತ್ತುವವರ ಬಗ್ಗೆ ಹೇಳುವುದೇ ಬೇಡ.

ಗೈಡ್‌ಗಳು "ಮಂಕಿ ಪಜಲ್" ಅಂತ ತೋರಿಸುವ ಮರವನ್ನೂ ನೋಡಿ. ಮಂಗ ಹತ್ತಲಾರದ ಮರ ಅನ್ನುತ್ತಾರೆ. ಎಲೆ ಅಷ್ಟು ಚೂಪು, ಮುಟ್ಟುವಾಗ ಹುಷಾರು.

## ಹಂತ 6: ಮೇಲಿನ ಅಂಚಿನಲ್ಲಿ

ಹತ್ತುತ್ತಾ ಹೋದ ಹಾಗೆ ಹೂವಿನ ಪಾತಿಗಳು ಮುಗಿದು ಮರಗಳು ಗಿಡ್ಡವಾಗುತ್ತವೆ, ಕೊಂಬೆ ತಿರುಚಿಕೊಂಡಿರುತ್ತವೆ, ಮೈತುಂಬ ಪಾಚಿ. ಇವು ಈ ಬೆಟ್ಟದ ಸ್ವಂತ ಶೋಲಾ ಕಾಡಿನ ಮರಗಳು. ಚಿಗುರುವ ಕಾಲದಲ್ಲಿ ಎಳೆಯೆಲೆ ಕೆಂಪಗಿರುತ್ತದೆ, ದೂರದಿಂದ ಹೂ ಬಿಟ್ಟ ಹಾಗೆ ಕಾಣುತ್ತದೆ.

ಇಲ್ಲಿ ಕೂತುಕೊಳ್ಳಿ. ಕಾಲು ಗಂಟೆ ಮಾತಾಡಬೇಡಿ. ಪೊದೆಯೊಳಗಿಂದ ಯಾರೋ ಗಹಗಹಿಸಿ ನಕ್ಕ ಹಾಗೆ ಕೇಳಿದರೆ ಅದು ನೀಲಗಿರಿ ಲಾಫಿಂಗ್ ಥ್ರಶ್. ಬಿಳಿ ಹುಬ್ಬು, ಕಂದು ಕೆಂಪಿನ ಹೊಟ್ಟೆ. ಈ ಬೆಟ್ಟಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಚಳಿಗಾಲದಲ್ಲಾದರೆ ಕಾಶ್ಮೀರ್ ಫ್ಲೈಕ್ಯಾಚರ್‌ಗೂ ಕಾದು ನೋಡಿ. ಗುಬ್ಬಿಗಿಂತ ಚಿಕ್ಕದು, ಗಂಡಿನ ಕತ್ತು ಎದೆ ಇಟ್ಟಿಗೆ ಬಣ್ಣ, ಅಂಚಿಗೆ ಕಪ್ಪು. ಕಾಶ್ಮೀರದ ಕಡೆ ಮರಿ ಮಾಡಿ, ಚಳಿಗೆ ಇಷ್ಟು ದೂರ ಬಂದಿರುತ್ತದೆ. ದುರ್ಬೀನು ತನ್ನಿ ಅಂದಿದ್ದು ಇದಕ್ಕೇ.

ತೋಟದ ಮೇಲ್ತುದಿಯಲ್ಲಿ ನೀಲಗಿರಿಯ ಮೂಲನಿವಾಸಿಗಳಾದ ತೋಡ ಜನರ ಮಂದು, ಅಂದರೆ ಅವರ ಹಟ್ಟಿ ಇದೆ. ಅರ್ಧ ಪೀಪಾಯಿ ಮಗುಚಿದ ಆಕಾರದ, ಬಗ್ಗಿ ತೆವಳಿ ಹೋಗಬೇಕಾದಷ್ಟು ಚಿಕ್ಕ ಬಾಗಿಲಿನ ಹಳೆಯ ಮಾದರಿಯ ಮನೆ ನೋಡಬಹುದು. ಈಗ ಹೆಚ್ಚಿನವರ ವಾಸ ಸಾಮಾನ್ಯ ಮನೆಗಳಲ್ಲೇ. ಇದು ಜನ ಬದುಕುವ ಜಾಗ, ತೋಟದ ಪ್ರದರ್ಶನ ಅಲ್ಲ. ಕೇಳದೆ ಫೋಟೊ ತೆಗೆಯಬೇಡಿ, ದೇವಸ್ಥಾನದ ಹತ್ತಿರ ಹೋಗಬೇಡಿ, ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ.

ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರದ ಅವರ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಶಾಲು ಕೊಳ್ಳುವುದಾದರೆ ತಿರುಗಿಸಿ ಹಿಂಬದಿ ನೋಡಿ. ಕೈಕಸೂತಿ ಎರಡೂ ಬದಿ ಅಚ್ಚುಕಟ್ಟು. ಹಿಂದೆ ದಾರ ಗೋಜಲಾಗಿದ್ದರೆ ಮಿಷನ್ ಕೆಲಸ ಅಂತ ಅನುಮಾನಪಡಿ. ಕೈಕೆಲಸ ಅಂತ ಖಾತ್ರಿಯಾದ ಮೇಲೆ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ, ಅಲ್ವಾ?

## ಹಂತ 7: ಇಳಿಯುವಾಗ ಜರೀಗಿಡದ ಮನೆ

ಬೇರೆ ದಾರಿಯಲ್ಲಿ ಇಳಿಯಿರಿ. ಹನ್ನೊಂದರ ಹೊತ್ತಿಗೆ ಗಾಜಿನ ಮನೆಯ ಮುಂದೆ ಸಾಲು ಬೆಳೆದಿರುತ್ತದೆ. ಸಾಲು ಉದ್ದವಿದ್ದರೆ ಬಿಟ್ಟುಬಿಡಿ. ಕುಂಡದ ಹೂಗಳನ್ನು ಜನರ ಹೆಗಲ ಮೇಲಿಂದ ಇಣುಕಿ ನೋಡುವುದರಲ್ಲಿ ಸುಖವಿಲ್ಲ. ಆದರೆ ಜರೀಗಿಡಗಳ, ಅಂದರೆ ಫರ್ನ್‌ಗಳ, ಮನೆ ಬಿಡಬೇಡಿ. ಅಲ್ಲಿ "ಏನೂ ಹೂವಿಲ್ಲ" ಅಂತ ಜನ ಬೇಗ ಬೇಗ ದಾಟುತ್ತಾರೆ, ಬದಿಗೆ ನಿಂತರೆ ಐದು ನಿಮಿಷದಲ್ಲಿ ಖಾಲಿ.

ಒಂದು ಎಲೆಯನ್ನು ಕೀಳದೆ ಮೆಲ್ಲಗೆ ಮಗುಚಿ. ಅಡಿಯಲ್ಲಿ ಸಾಲಾಗಿ ಕಂದು ಚುಕ್ಕಿಗಳು ಕಂಡರೆ ಅದು ರೋಗ ಅಲ್ಲ, ಹುಳುವಿನ ಮೊಟ್ಟೆಯೂ ಅಲ್ಲ. ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಈ ಚುಕ್ಕಿಗಳ ಒಳಗೆ ಹೊಸ ಗಿಡ ಹುಟ್ಟಿಸುವ ಪುಡಿಯಂಥ ಬೀಜಕಗಳಿರುತ್ತವೆ. ಮಸೂರ ಹಿಡಿದರೆ ಪ್ರತಿ ಚುಕ್ಕಿಯೂ ಚಿಕ್ಕ ಚಿಕ್ಕ ಗುಂಡುಗಳ ಗೊಂಚಲು ಅಂತ ಗೊತ್ತಾಗುತ್ತದೆ. ಒಂದು ಜಾತಿಯಲ್ಲಿ ಚುಕ್ಕಿ ದುಂಡಗೆ, ಇನ್ನೊಂದರಲ್ಲಿ ಗೀಟು, ಮತ್ತೊಂದರಲ್ಲಿ ಎಲೆಯ ಅಂಚಿಗೇ ಹೊಲಿಗೆ ಹಾಕಿದ ಹಾಗೆ. ಮೂರು ಬಗೆ ಸಿಗುವವರೆಗೆ ಹೊರಗೆ ಬರಬೇಡಿ. ಮರದಂತೆ ಬೆಳೆಯುವ ಜರೀಗಿಡ ಕಂಡರೆ ಅದರ ನೆತ್ತಿಯಲ್ಲಿ ಸುರುಳಿ ಸುತ್ತಿದ ಎಳೆಯ ಎಲೆಯನ್ನೂ ನೋಡಿ.

ಹುಲ್ಲುಹಾಸಿಗೆ ಈಗ ಬನ್ನಿ. ಕಾಲು ಚಾಚಿ ಕೂರಲು ಅದು ಒಳ್ಳೆಯ ಜಾಗವೇ.

## ಎಚ್ಚರಿಕೆಯ ಸೂಚನೆಗಳು

ಕಾಟಿ. ಊಟಿ, ಕೂನೂರು ಸುತ್ತ ಕಾಡುಕೋಣ ಊರೊಳಗೂ ಬರುತ್ತದೆ. ಮೇಲಿನ ಅಂಚಿನಲ್ಲಿ ಹಸಿ ಸಗಣಿ, ದೊಡ್ಡ ಗೊರಸಿನ ಗುರುತು ಕಂಡರೆ ಮುಂದೆ ಹೋಗಬೇಡಿ. ಸೌಮ್ಯವಾಗಿ ಮೇಯುತ್ತಿದೆ ಅಂತ ಸೆಲ್ಫಿಗೆ ಹತ್ತಿರ ಹೋಗುವುದು ಜೀವಕ್ಕೆ ಅಪಾಯ. ತಲೆ ತಗ್ಗಿಸಿ ಬುಸುಗುಟ್ಟಿದರೆ ಬೆನ್ನು ತಿರುಗಿಸಿ ಓಡದೆ ನಿಧಾನ ಹಿಂದಕ್ಕೆ ಸರಿಯಿರಿ, ತೋಟದ ಸಿಬ್ಬಂದಿಗೆ ತಿಳಿಸಿ.

ಮಂಗ. ಕೈಯಲ್ಲಿ ತಿಂಡಿ ಇದ್ದರೆ ಕಿತ್ತುಕೊಳ್ಳುತ್ತವೆ. ತಿಂಡಿ ಮುಗಿಸಿಕೊಂಡೇ ಒಳಗೆ ಹೋಗಿ.

ಮೋಡ. ಸಾಮಾನ್ಯವಾಗಿ ಬೆಳಿಗ್ಗೆ ತಿಳಿ, ಮಧ್ಯಾಹ್ನದ ಮೇಲೆ ಮೋಡ. ದೊಡ್ಡಬೆಟ್ಟದ ನೆತ್ತಿ ಮಂಜಿನಲ್ಲಿ ಮುಚ್ಚಿಕೊಳ್ಳಲು ಶುರುವಾದರೆ ತಡಮಾಡದೆ ಇಳಿಯಿರಿ. ಗುಡುಗು ಕೇಳಿದರೆ ದೊಡ್ಡ ಮರದ ಕೆಳಗೆ ನಿಲ್ಲಬೇಡಿ. ಜೋರು ಗಾಳಿಗೆ ನೀಲಗಿರಿ ಮರದ ಕೊಂಬೆ ಮುರಿದು ಬೀಳುವುದೂ ಇದೆ.

ತಲೆಸುತ್ತು, ವಾಕರಿಕೆ. ಎತ್ತರಕ್ಕಿಂತ ಘಾಟಿನ ತಿರುವುಗಳೇ ಇದಕ್ಕೆ ಕಾರಣವಾಗುವುದು ಹೆಚ್ಚು. ಅದಕ್ಕೇ ಬಸ್ಸಿಳಿದು ನೇರ ತೋಟಕ್ಕೆ ಬೇಡ, ಒಂದು ರಾತ್ರಿ ಮಲಗಿ ಎದ್ದು ಹೋಗಿ ಅಂದಿದ್ದು.

## ಅಪ್ಪ-ಅಮ್ಮ, ಪುಟ್ಟ ಮಕ್ಕಳು ಜೊತೆಗಿದ್ದರೆ

ಎಲ್ಲರೂ ಒಟ್ಟಿಗೆ ಹತ್ತಬೇಕೆಂದಿಲ್ಲ. ಮಂಡಿನೋವಿನವರು ಕೆಳಗಿನ ಭಾಗ ಮತ್ತು ಜರೀಗಿಡದ ಮನೆ ನೋಡಿಕೊಂಡು ಬೆಂಚಿನಲ್ಲಿ ಕೂರಲಿ. ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಭಾಷೆ ಬಗ್ಗೆ ಅಳುಕು ಬೇಡ. ಸುತ್ತಮುತ್ತ ನೀಲಗಿರಿಯ ಬಡಗ ಸಮುದಾಯದವರ ಊರುಗಳಿವೆ, ಅವರ ಮಾತು ಕನ್ನಡಕ್ಕೆ ಬಲು ಹತ್ತಿರ. "ಅಣ್ಣಾ, ಈ ಮರ ಯಾವುದು?" ಅಂತ ಕನ್ನಡದಲ್ಲೇ ಕೇಳಿ ನೋಡಿ, ಉತ್ತರ ಸಿಗುವ ಸಂಭವ ಜಾಸ್ತಿ.

## ಹಂತ 8: ಹೊರಡುವ ಹೊತ್ತು

ನಾಲ್ಕೂವರೆ, ಐದು ಗಂಟೆ ಕಾಲ ನಿಧಾನವಾಗಿ ನೋಡಿದರೂ ಹನ್ನೊಂದೂವರೆ, ಹನ್ನೆರಡಕ್ಕೆ ಮುಗಿಯುತ್ತದೆ. ಬೇರೆಯವರು ಒಳಗೆ ಬರುವ ಹೊತ್ತಿಗೆ ನೀವು ಹೊರಗೆ. ಊಟ ಮಾಡಿ, ಕೋಣೆ ಖಾಲಿ ಮಾಡಿ, ಎರಡಕ್ಕೆ ಹೊರಟರೆ ಬಂಡೀಪುರವನ್ನು ಬೆಳಕಿರುವಾಗಲೇ ದಾಟಬಹುದು. ಕಾಡಿನ ರಸ್ತೆಯಲ್ಲಿ ಆನೆ ಕಂಡರೆ ಗಾಡಿ ನಿಲ್ಲಿಸಿ ಇಳಿಯಬೇಡಿ, ಹಾರ್ನ್ ಮಾಡಬೇಡಿ. ತೋಟದಲ್ಲಿ ಎತ್ತಿಕೊಂಡ ಬಿದ್ದ ಕಾಯಿ, ಕಡ್ಡಿಗಳನ್ನು ಅಲ್ಲೇ ನೆಲಕ್ಕೆ ಬಿಟ್ಟು ಬನ್ನಿ. ಸಸಿ ಬೇಕಿದ್ದರೆ ನರ್ಸರಿಯಲ್ಲಿ ಕೊಳ್ಳಬಹುದು, ಆದರೆ ಕೊಳ್ಳುವ ಮುಂಚೆ ನಿಮ್ಮೂರಿನ ಸೆಕೆಗೆ ಬದುಕುತ್ತದೆಯಾ ಅಂತ ಕೇಳಿ. ಇಲ್ಲಿ ನಳನಳಿಸುವ ಎಷ್ಟೋ ಗಿಡ ಮಂಡ್ಯದ ಏಪ್ರಿಲ್ ತಡೆಯುವುದಿಲ್ಲ.